ಮಹಾವೀರಾಚಾರ್ಯನ ಅಂಕಮಾಲೆ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಮಾನ್ಯಖೇಟದಲ್ಲಿ ಆಳುತ್ತಿದ್ದ ಕಾಲವು ‘ಕವಿರಾಜಮಾರ್ಗ’ದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾಗಿರುವುದು. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಕ್ರಿ. ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಬಲ್ಲವರಾದರೋ ವಿರಳ. ಮದರಾಸಿನ ಎಂ. ರಂಗಾಚಾರ್ಯರು ಇದನ್ನು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಆಚಾರ್ಯನು ಏಕ, ದಶ, ಶತ ಮೊದಲ್ಗೊಂಡು ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿರುವನು. ಗುಣಾಕಾರದ ಪ್ರಕರಣದಲ್ಲಿ ಅವನು ಕೊಟ್ಟಿರುವ ಕೆಲವು ಲೆಕ್ಕಗಳ ಲಬ್ಧವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದು. ಇಂಥವನ್ನು ಅವನು ಕಂಠಾಭರಣಕ್ಕೆ ಹೋಲಿಸಿರುವನು. 142857143ನ್ನು 7ರಿಂದ ಗುಣಿಸಿದರೆ 1000000001; 27994681ನ್ನು 441ರಿಂದ ಗುಣಿಸಿದರೆ 12345654321. ಈ ಎರಡನೆಯ ಲಬ್ಧವು ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವುದು. ಆಚಾರ್ಯನ ಗಣನೆಯಂತೆ ಇದರ ಮೊದಲ ಅಂಕವು ನಿಂತಿರುವುದು ಹನ್ನೊಂದನೆಯದಾದ ಅರ್ಬುದಸ್ಥಾನದಲ್ಲಿ.

ಈ ಮಾಲೆಯ ಮರ್ಮವೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111 ಬರುವುದರಿಂದ, ಲಬ್ಧವು 111111ರ ವರ್ಗವೇ ಆಯಿತು. 111111ನ್ನು ಆರು ಸಾಲುಗಳಲ್ಲಿ, ಪ್ರತಿಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿದರೆ, ಕಂಬಗಳಲ್ಲಿ ಒಂದು, ಎರಡು ಎಂದು ಆರರವರೆಗೆ ಏರಿ ಮತ್ತೆ ಇಳಿಯುವುದನ್ನು ವಾಚಕರು ಕಾಣಬಹುದು. ಒಂಬತ್ತು ಒಂದುಗಳವರೆಗೆ ಈ ಚೆಲುವು ಉಳಿಯುವುದು. ಹತ್ತು ಒಂದುಗಳಾದರೆ ನಡುವಣ ಕಂಬದ ಮೊತ್ತವು ಹತ್ತಾಗಿ, ದಶಕವು ಮುಂದಿನ ಸ್ಥಾನಕ್ಕೆ ಹೋಗಿ, ಲಬ್ಧವು 1234567900987654321 ಆಗುವುದು, ಮಾಲೆಯು ಹರಿಯುವುದು.

111111ರ ಅವಿಭಾಜ್ಯ ಭಾಜಕಗಳು 3, 7, 11, 13, 37 ಎಂಬ ಐದು. ಅದರ ವರ್ಗದಲ್ಲಿ ಇವು ಒಂದೊಂದೂ ಎರಡೆರಡು ಸಲ ಬರುವುದರಿಂದ 12345654321ಕ್ಕೆ ಒಟ್ಟು 243 ಭಾಜಕಗಳುಂಟು. ಇದು ಸಂಖ್ಯೆಯ ಸ್ವಭಾವ. ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಮಾರ್ಪಡದು. ಮಾಲೆಯ ಸಂಗತಿ ಹಾಗಲ್ಲ. ಇಂದು ಬೆಂಗಳೂರಿನ ಹೊರವಲಯದ ದೊಡ್ಡನೆಕ್ಕುಂದಿ, ವೈಟ್‌ಫೀಲ್ಡ್‌ಗಳ ಕಾರ್ಯಾಲಯಗಳಲ್ಲಿರುವ ಗಣಕಯಂತ್ರಗಳು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳಿಂದ ಎಣಿಸುವುವು. ಆ ಪದ್ಧತಿಯಲ್ಲಿ ಇದೇ ಸಂಖ್ಯೆಯು 34 ಅಂಕಗಳದಾಗಿ, 101 ಎಂದು ಮೊದಲಾಗಿ 001 ಎಂದು ಮುಗಿಯುವುದು. ಅಲ್ಲಿ ಮಾಲೆಯೇ ಇಲ್ಲ.

ಆದುದರಿಂದ ಮಾಲೆಯು ಸಂಖ್ಯೆಗಿಂತ ಹೆಚ್ಚಾಗಿ ಅದನ್ನು ಬರೆದವರ ವಿಷಯವನ್ನು ತಿಳಿಸುವುದು. ಅದೇ ಶತಮಾನದಲ್ಲಿ ಯೂರೋಪಿನ ವಿದ್ವಾಂಸರು ರೋಮನ್ ಅಂಕಗಳಿಂದಲೇ ಲೆಕ್ಕವನ್ನು ಬರೆಯುತ್ತಿದ್ದರು; ಆ ಬರಹದಲ್ಲಿ ಇಂಥ ಹಾರವು ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಸೊನ್ನೆಯನ್ನೂ ಸ್ಥಾನಮೌಲ್ಯವನ್ನೂ ಶಿಷ್ಯರು ಕರತಲಾಮಲಕವಾಗಿ ಬಲ್ಲವರಾಗಿದ್ದರೆ ಮಾತ್ರ ಗುರುವು ಲೆಕ್ಕದ ನಡುವೆ ಹೀಗೆ ವಿನೋದವಾಡಬಲ್ಲನು. ನೃಪತುಂಗನ ಕಾಲದ ವಿದ್ಯೆಗೆ ಕಾವ್ಯಮೀಮಾಂಸೆಯು ಎಂತೋ, ಈ ಹನ್ನೊಂದು ಅಂಕಗಳೂ ಅಂತೆಯೇ ಸಾಕ್ಷಿ.