ಒಡಹುಟ್ಟದವರ ಬಾಹ್ಯಾಕಾಶ

ಹಾಸನದಿಂದ ಸಕಲೇಶಪುರದ ಕಡೆಗೆ ಹೊರಟರೆ ಆಲೂರು ಸೀಮೆ ದಾಟುತ್ತಲೇ ಬಾಳ್ಳುಪೇಟೆ ಸಿಗುತ್ತದೆ. ಹೆದ್ದಾರಿಯ ಊರು, ರೈಲಿನ ಊರು. 1979ರಲ್ಲಿ ಹಾಸನ-ಮಂಗಳೂರು ರೈಲುಮಾರ್ಗ ಪೂರ್ಣಗೊಂಡಾಗ ಘಟ್ಟದ ಮೇಲಿನವರಿಗೆ ಕಡಲು ಹತ್ತಿರವಾಯಿತು. ಅದಾಗಿ ಮೂರೇ ವರ್ಷಕ್ಕೆ ಇದೇ ಜಿಲ್ಲೆಗೆ ಆಕಾಶವೂ ಹತ್ತಿರ ಬಂತು. ಆದರೆ ಅದನ್ನು ನಾವು ಅಷ್ಟಾಗಿ ಗಮನಿಸಲಿಲ್ಲ.

1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಆರಂಭವಾಯಿತು. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತ ಉಪಗ್ರಹಗಳನ್ನು ಕಾಯುವ ಮನೆ ಅದು. ಮೊದಲು ಅದರ ಮಡಿಲಿಗೆ ಬಂದ ಕೂಸು ಇನ್ಸಾಟ್-1ಎ. ಅಮೆರಿಕದಲ್ಲಿ ತಯಾರಾಗಿ, 1982ರ ಏಪ್ರಿಲ್ 10ರಂದು ಅಲ್ಲಿಂದಲೇ ಹಾರಿದ ಈ ಉಪಗ್ರಹ ಹುಟ್ಟಿನಿಂದಲೇ ನರಳಿತು. ಒಂದು ಆಂಟೆನಾ ಬಿಚ್ಚಿಕೊಳ್ಳಲು ಹಟ ಹಿಡಿಯಿತು. ಸೌರ ಹಾಯಿ ಕೊನೆಗೂ ಅರಳಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ, ದಿಕ್ಕು ಕಾಯ್ದುಕೊಳ್ಳಲು ಬೇಕಾದ ಇಂಧನ ಮುಗಿದು ಕೈಬಿಟ್ಟುಹೋಯಿತು. ಏಳು ವರ್ಷ ದುಡಿಯಬೇಕಿದ್ದದ್ದು ಐದು ತಿಂಗಳೂ ತುಂಬಿಸಲಿಲ್ಲ.

ಮರುವರ್ಷ ಆಗಸ್ಟ್ 30ರ ರಾತ್ರಿ ಚಾಲೆಂಜರ್ ನೌಕೆಯ ಹೊಟ್ಟೆಯಲ್ಲಿ ಕುಳಿತು ಇನ್ಸಾಟ್-1ಬಿ ಹೊರಟಿತು. ಅದರ ಸೌರಫಲಕವೂ ಸಿಕ್ಕಿಹಾಕಿಕೊಂಡಿತು! ಸೆಪ್ಟೆಂಬರ್ ನಡುವಿನವರೆಗೆ ಹಾಸನದಲ್ಲಿ ಭಾರತದ ಮತ್ತು ಅಮೆರಿಕದ ತಂತ್ರಜ್ಞರು ಒಟ್ಟಿಗೆ ಕುಳಿತು, ಕಣ್ಣಿಗೆ ಕಾಣದ ಆ ಯಂತ್ರಕ್ಕೆ ಆಜ್ಞೆಗಳನ್ನು ಕಳುಹಿಸುತ್ತ ಅದನ್ನು ಬಿಡಿಸಿದರು. ಭಾಷೆ, ದೇಶ, ಊಟ ಎಲ್ಲವೂ ಬೇರೆಯಾದವರು ಒಂದು ಮಗುವಿನ ಉಸಿರಿಗಾಗಿ ನಿದ್ದೆಗೆಟ್ಟ ಮನೆಯವರಂತೆ ಇದ್ದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಮುಂದೆ ಹಳ್ಳಿಹಳ್ಳಿಯ ದೂರದರ್ಶನ, ಹವಾಮಾನದ ಚಿತ್ರ, ದೂರದ ಫೋನು ಎಲ್ಲಕ್ಕೂ ಆ ಉಪಗ್ರಹವೇ ಆಸರೆಯಾಯಿತು.

ಇದು ಕಾದಂಬರಿಯ ವಸ್ತುವಲ್ಲವೇ? ಹದಿಹರೆಯದವರಿಗಾಗಿ ಬರೆದ ಬಾಹ್ಯಾಕಾಶ ಸಾಹಸಕಥೆಗಳಲ್ಲಿ ಒಂದು ಎಳೆ ಮತ್ತೆ ಮತ್ತೆ ಬರುತ್ತದೆ: ಮನೆ ಕಳೆದುಕೊಂಡ ಹುಡುಗನೋ ಹುಡುಗಿಯೋ ಒಂದು ನೌಕೆ ಹತ್ತುವುದು, ಅಲ್ಲಿನ ಅಪರಿಚಿತರೇ ಮನೆಯವರಾಗುವುದು. ಅಮೆರಿಕದ ರಾಬರ್ಟ್ ಹೈನ್‌ಲೈನ್ 1957ರಲ್ಲಿ ಬರೆದ 'ಸಿಟಿಜನ್ ಆಫ್ ದ ಗ್ಯಾಲಕ್ಸಿ'ಯಲ್ಲಿ ಥೋರ್ಬಿ ಎಂಬ ಗುಲಾಮ ಹುಡುಗನನ್ನು ಹರಾಜಿನಲ್ಲಿ ಕೊಳ್ಳುವವನು ಬಾಸ್ಲಿಮ್ ಎಂಬ ಕುಂಟ ಭಿಕ್ಷುಕ. ಕೊಂಡವನೇ ತಂದೆಯಾಗುತ್ತಾನೆ. ಆತ ಹೋದ ಮೇಲೆ 'ಸಿಸು' ಎಂಬ ವ್ಯಾಪಾರಿ ನೌಕೆಯ ಜನ ಹುಡುಗನನ್ನು ದತ್ತು ಪಡೆಯುತ್ತಾರೆ. ರಾಧೇಯನ ಕಥೆ ಕೇಳಿ ಬೆಳೆದ ನಮಗೆ ಇದೇನೂ ಅಪರಿಚಿತವಲ್ಲ. ಹೆತ್ತವಳು ನೀರಿಗೆ ಬಿಟ್ಟ ಕೂಸನ್ನು ಎತ್ತಿಕೊಂಡ ಮನೆಗೇ ಕರ್ಣ ಕೊನೆಯವರೆಗೆ ನಿಷ್ಠನಾಗಿದ್ದ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಾದಂಬರಿಗೆ ದಾರಿ ತೆರೆದರು. ಆದರೂ ಈ ಎಳೆಯ ಅತ್ಯುತ್ತಮ ಕನ್ನಡ ರೂಪವನ್ನು ನಾನು ಕಾಣುವುದು ಆಕಾಶನೌಕೆಯೇ ಇಲ್ಲದ ಒಂದು ಪುಸ್ತಕದಲ್ಲಿ. ಬಾಳ್ಳುಪೇಟೆಗೆ ನೆರೆಯ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಬರೆದ 'ಕರ್ವಾಲೋ' (1980) ಅದು. ವಿಜ್ಞಾನಿ ಕರ್ವಾಲೋ, ಜೇನು ಹಿಡಿಯುವ ಮಂದಣ್ಣ, ಫೋಟೋಗ್ರಾಫರ್ ಪ್ರಭಾಕರ, ಹಾವು ಹಿಡಿಯುವ ಎಂಗ್ಟ, ಬಿರಿಯಾನಿ ಕರಿಯಪ್ಪ, ಪ್ಯಾರ, ತೋಟದ ಮಾಲೀಕನಾದ ನಿರೂಪಕ, ಜತೆಗೆ ಕಿವಿ ಎಂಬ ನಾಯಿ. ಊರಿನ ಲೆಕ್ಕದಲ್ಲಿ ಇವರು ಒಂದೇ ಪಂಕ್ತಿಯಲ್ಲಿ ಕೂರುವವರಲ್ಲ. ಹಾರುವ ಓತಿಯ ಹುಡುಕಾಟ ಇವರನ್ನು ಒಂದೇ ಬೆಂಕಿಯ ಸುತ್ತ ಕೂರಿಸುತ್ತದೆ. ಮಂದಣ್ಣನ ಮದುವೆಯ ಗೋಳು, ಕಳ್ಳಭಟ್ಟಿ ಕೇಸಿನ ರಗಳೆ ಎಲ್ಲವೂ ವಿಜ್ಞಾನಿಯ ಮನೆವಾರ್ತೆಯಾಗಿಬಿಡುತ್ತದೆ. ಊರವರು ದಡ್ಡನೆಂದು ತಳ್ಳಿದವನಲ್ಲಿ ಕರ್ವಾಲೋ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಕಾಣುತ್ತಾರೆ. ಇಲ್ಲಿನ ಯಾನ ಆಕಾಶದಲ್ಲಿ ನಡೆಯುವುದಿಲ್ಲ, ಕಾಲದಲ್ಲಿ ನಡೆಯುತ್ತದೆ. ಕೋಟ್ಯಂತರ ವರ್ಷಗಳ ಆಚೆಯಿಂದ ಬಂದ ಆ ಪ್ರಾಣಿ ಕೊನೆಗೆ ಕಣಿವೆಯ ಶೂನ್ಯಕ್ಕೆ ತೇಲಿಹೋಗುತ್ತದೆ.

ತೇಜಸ್ವಿಗೆ ಈ ತಂಡ ಎಲ್ಲಿಂದ ಸಿಕ್ಕಿತು ಎಂದು ಕೇಳುವವರು ಒಮ್ಮೆ ಮಲೆನಾಡಿನ ಕಾಫಿತೋಟಗಳ ಲೈನ್‌ಮನೆಗಳನ್ನು ನೋಡಬೇಕು. ತುಳುನಾಡಿನಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಬಂದವರು ಒಂದೇ ಗೋಡೆಯ ಆಚೆ ಈಚೆ ಒಲೆ ಹೂಡಿದ ಜಾಗ ಅದು. ಇತ್ತೀಚೆಗೆ ಅಸ್ಸಾಮಿನವರೂ ಸೇರಿಕೊಂಡಿದ್ದಾರೆ. ಒಣಮೀನು ಹೊತ್ತು ಘಟ್ಟ ಹತ್ತಿದ ಬ್ಯಾರಿಗಳು ಇಲ್ಲಿನ ಪೇಟೆಗಳಲ್ಲಿ ಅಂಗಡಿ ಇಟ್ಟು ನೆಲೆನಿಂತರು. ಅವ್ವ ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಬೀವಿಯ ಕಂಕುಳಲ್ಲಿ, ಇನ್ನೊಂದು ಮನೆಯ ಪಾಟಿಯ ಮಡಿಲಲ್ಲಿ ಬೆಳೆದ ಮಕ್ಕಳು ಮೂರು ಭಾಷೆ ಕಲಿತೇ ಶಾಲೆಗೆ ಬರುತ್ತಾರೆ. ಲೈನ್‌ಮನೆಯನ್ನು ಸುಂದರಗೊಳಿಸಿ ಹೇಳುವ ಆಸೆ ನನಗಿಲ್ಲ. ಸೋರುವ ಸೂರು, ಕಡಿಮೆ ಕೂಲಿ, ಸಾಲ ಎಲ್ಲವೂ ಅಲ್ಲಿದ್ದವು. ಬಹುಶಃ ಅದಕ್ಕೇ ಒಬ್ಬರಿಗೊಬ್ಬರು ಬೇಕಾದರು. ಈಗ ಹೆಸರು ಕೇಳಿ ಮನೆ ಬಾಡಿಗೆಗೆ ಕೊಡುವ ಪೇಟೆಗಳಲ್ಲಿ ನಿಂತು ನೋಡಿದರೆ, ಆ ಬಡ ಗೋಡೆ ಎಷ್ಟು ತೆಳುವಾಗಿತ್ತೆಂದು ತಿಳಿಯುತ್ತದೆ.

ಅಂಥ ಲೈನ್‌ಮನೆಯ ಒಂದು ಮಗು ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇರುವ ಆ ಬಿಳಿ ಆಂಟೆನಾಗಳ ಒಳಗೆ ಹೋಗುವ ಕಥೆ ನಮ್ಮ ಮಕ್ಕಳ ಕೈಗೆ ಬರಬೇಕಿದೆ. ಅದು ಶುರುವಾಗಲು ಬಾಳ್ಳುಪೇಟೆಯ ರೈಲು ನಿಲ್ದಾಣ ಸಾಕು. ಹಾಸನದ ಕಡೆಯ ಗಾಡಿ ಬರುವ ಹೊತ್ತು, ಮಗುವಿನ ಬುತ್ತಿಯಲ್ಲಿ ಮೂರು ಮನೆಯ ತಿಂಡಿ.