ವ್ಯವಹಾರ ನಿರ್ವಹಣೆಯಲ್ಲಿ ವೃತ್ತಿನಿಷ್ಠ ಡಾಕ್ಟರೇಟ್: ಅರ್ಹತಾ ನಿಯಮಗಳ ಚಾರಿತ್ರಿಕ ವಿಕಾಸ

ಪೀಠಿಕೆ

ವಿಶ್ವವಿದ್ಯಾನಿಲಯಗಳು ನೀಡುವ ಪದವಿಗಳ ಚರಿತ್ರೆಯನ್ನು ಅವುಗಳ ಹೆಸರುಗಳಿಂದ ಮಾತ್ರ ಗುರುತಿಸುವುದು ಅಪೂರ್ಣವಾದ ಕ್ರಮ. ಒಂದು ಪದವಿಯ ನಿಜವಾದ ಸ್ವರೂಪ ತಿಳಿಯುವುದು ಅದಕ್ಕಾಗಿ ಅಭ್ಯರ್ಥಿಯಿಂದ ಏನನ್ನು ಅಪೇಕ್ಷಿಸಲಾಗಿತ್ತು, ಆ ಅಪೇಕ್ಷೆ ಪೂರೈಸಿತೆಂದು ಯಾರು ತೀರ್ಮಾನಿಸುತ್ತಿದ್ದರು ಎಂಬುದನ್ನು ಪರಿಶೀಲಿಸಿದಾಗ. ವ್ಯವಹಾರ ನಿರ್ವಹಣೆಯ ಕ್ಷೇತ್ರದಲ್ಲಿ ‘ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್’, ಅಂದರೆ ಡಿ.ಬಿ.ಎ. ಎಂಬ ಪದವಿ ಈ ಮಾತಿಗೆ ಉತ್ತಮ ನಿದರ್ಶನ. ಒಂದೇ ಹೆಸರಿನಡಿಯಲ್ಲಿ ಎರಡು ಭಿನ್ನ ಪರಂಪರೆಗಳು ಬೆಳೆದುಬಂದಿವೆ. ಒಂದು ಪಿಎಚ್.ಡಿ.ಗೆ ಸಮಾನವಾದ ಪೂರ್ಣಾವಧಿ ಸಂಶೋಧನೆಯದು. ಇನ್ನೊಂದು, ಉದ್ಯೋಗದಲ್ಲಿದ್ದುಕೊಂಡೇ ತಮ್ಮ ಕಾರ್ಯಕ್ಷೇತ್ರದ ಸಮಸ್ಯೆಯನ್ನು ಸಂಶೋಧನೆಯ ವಿಷಯವಾಗಿಸಿಕೊಳ್ಳುವ ಅನುಭವಿ ಆಡಳಿತಗಾರರದು. ಈ ಎರಡನೆಯ ಪರಂಪರೆಯ ನಿಯಮಗಳು ರೂಪುಗೊಂಡ ಬಗೆ ಹಾಗೂ ಭಾರತದ ಸಂದರ್ಭದಲ್ಲಿ ಅವು ಎದುರಿಸುವ ಪ್ರಶ್ನೆಗಳು ಇಲ್ಲಿ ವಿವೇಚನೆಗೆ ಒಳಪಟ್ಟಿವೆ.

ಹಿನ್ನೆಲೆ

‘ಡಾಕ್ಟರ್’ ಎಂಬ ಪದ ಬೋಧಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಮಧ್ಯಯುಗದ ಯೂರೋಪಿನಲ್ಲಿ ಧರ್ಮಶಾಸ್ತ್ರ, ನ್ಯಾಯಶಾಸ್ತ್ರ ಹಾಗೂ ವೈದ್ಯಶಾಸ್ತ್ರಗಳಲ್ಲಿ ನೀಡಲಾಗುತ್ತಿದ್ದ ಈ ಪದವಿಯು ಬೋಧನೆಯ ಅಧಿಕಾರವನ್ನೂ ವೃತ್ತಿಯ ಪ್ರತಿಷ್ಠೆಯನ್ನೂ ಸೂಚಿಸುತ್ತಿತ್ತು. ಹೊಸ ಜ್ಞಾನದ ಸೃಷ್ಟಿಯೇ ಡಾಕ್ಟರೇಟಿನ ತಿರುಳು ಎಂಬ ಕಲ್ಪನೆ ಬಲಗೊಂಡುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಶ್ವವಿದ್ಯಾನಿಲಯಗಳಲ್ಲಿ. ಆ ಮಾದರಿಯನ್ನು ಅನುಸರಿಸಿ ಅಮೆರಿಕದ ಯೇಲ್ 1861ರಲ್ಲಿ ಆ ದೇಶದ ಮೊದಲ ಪಿಎಚ್.ಡಿ. ಪದವಿಗಳನ್ನು ನೀಡಿತು. ಆದ್ದರಿಂದ ವೃತ್ತಿಗೂ ಡಾಕ್ಟರೇಟಿಗೂ ಇರುವ ಸಂಬಂಧ ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಸಂಶೋಧನೆಯ ಆದರ್ಶ ಮೇಲುಗೈ ಪಡೆದ ಕಾಲದಲ್ಲಿ ಹಿಂದೆ ಸರಿದಿದ್ದ ಸಂಬಂಧವೊಂದು ಮತ್ತೆ ಮುನ್ನೆಲೆಗೆ ಬಂದುದೆನ್ನುವುದು ಹೆಚ್ಚು ಸಮಂಜಸ.

ವ್ಯವಹಾರ ಶಿಕ್ಷಣವು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದುದು ತಡವಾಗಿ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವಾರ್ಟನ್ ಶಾಲೆ 1881ರಲ್ಲಿಯೂ ಹಾರ್ವರ್ಡ್‌ನ ವ್ಯವಹಾರ ಶಾಲೆ 1908ರಲ್ಲಿಯೂ ಸ್ಥಾಪನೆಗೊಂಡವು. ವ್ಯಾಪಾರವು ವಿದ್ವತ್ತಿನ ವಿಷಯವಾಗಬಲ್ಲುದೇ ಎಂಬ ಸಂದೇಹ ಹಳೆಯ ವಿಭಾಗಗಳ ಪ್ರಾಧ್ಯಾಪಕರಲ್ಲಿ ಬಹುಕಾಲ ಉಳಿದಿತ್ತು. ಡಾಕ್ಟರೇಟ್ ಪದವಿಯ ಸ್ಥಾಪನೆ ಈ ಸಂದೇಹಕ್ಕೆ ನೀಡಲಾದ ಉತ್ತರಗಳಲ್ಲಿ ಒಂದು. ಷಿಕಾಗೋ ವಿಶ್ವವಿದ್ಯಾನಿಲಯ 1920ರಲ್ಲಿ ವ್ಯವಹಾರ ವಿಷಯದಲ್ಲಿ ಪಿಎಚ್.ಡಿ. ಅಧ್ಯಯನವನ್ನು ಆರಂಭಿಸಿತು. ಹಾರ್ವರ್ಡ್ ಬೇರೆ ಹಾದಿಯನ್ನು ಹಿಡಿದು ‘ಡಾಕ್ಟರ್ ಆಫ್ ಕಮರ್ಷಿಯಲ್ ಸೈನ್ಸ್’ ಎಂಬ ಪ್ರತ್ಯೇಕ ಪದವಿಯನ್ನು 1922ರಿಂದ ನೀಡತೊಡಗಿತು. 1950ರ ದಶಕದಲ್ಲಿ ಅದರ ಸ್ಥಾನವನ್ನು ಡಿ.ಬಿ.ಎ. ಪಡೆಯಿತು.

ಹಾರ್ವರ್ಡ್ ಮಾದರಿ

ಹಾರ್ವರ್ಡ್‌ನ ಡಿ.ಬಿ.ಎ. ಹೆಸರಿನಲ್ಲಿ ವೃತ್ತಿಪರವಾಗಿದ್ದರೂ ನಿಯಮಗಳಲ್ಲಿ ಸಂಶೋಧನಾ ಪದವಿಯೇ ಆಗಿತ್ತು. ಅಭ್ಯರ್ಥಿಗಳು ಪೂರ್ಣಾವಧಿ ವಿದ್ಯಾರ್ಥಿಗಳಾಗಿ ಇರಬೇಕಿತ್ತು. ಮಹಾಪ್ರಬಂಧವೇ ಪದವಿಯ ಪ್ರಧಾನ ಆಧಾರವಾಗಿತ್ತು. ಪದವಿ ಪಡೆದವರಲ್ಲಿ ಅನೇಕರು ಬೋಧನೆಯನ್ನೇ ಆರಿಸಿಕೊಂಡರು. ಆದರೆ ಆ ಶಾಲೆಯಲ್ಲಿ ಪ್ರಕರಣ ಅಧ್ಯಯನದ ಬೋಧನಾ ಪದ್ಧತಿ ಬೇರೂರಿದ್ದುದರಿಂದ ಸಂಶೋಧನೆಯೂ ನೈಜ ಸಂಸ್ಥೆಗಳ ಆಡಳಿತ ಸಮಸ್ಯೆಗಳತ್ತ ಮುಖ ಮಾಡಿತ್ತು. ಒಂದು ಕಂಪನಿಯ ಸ್ಥಾಪನೆಯಲ್ಲಿ ಭಾಗಿಯಾಗಿ, ಅದನ್ನು ನಡೆಸಿದ ಅನುಭವ ಪಡೆದ ಬಳಿಕ ಹಾರ್ವರ್ಡ್‌ಗೆ ಮರಳಿದ ಕ್ಲೇಟನ್ ಕ್ರಿಸ್ಟೆನ್‌ಸೆನ್ ಕಂಪ್ಯೂಟರಿನ ಡಿಸ್ಕ್ ಡ್ರೈವ್ ಉದ್ಯಮವನ್ನು ಕುರಿತ ಸಂಶೋಧನೆಗೆ 1992ರಲ್ಲಿ ಡಿ.ಬಿ.ಎ. ಪಡೆದರು. 1997ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಗ್ರಂಥಕ್ಕೆ ಆ ಅಧ್ಯಯನವೇ ತಳಹದಿ. ಭಾರತದ ಸಿ.ಕೆ. ಪ್ರಹ್ಲಾದ್ ಅವರು ಉದ್ಯಮದಲ್ಲಿ ಕೆಲಸ ಮಾಡಿ, ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಅನಂತರ 1975ರಲ್ಲಿ ಇದೇ ಪದವಿಯನ್ನು ಪಡೆದವರು. ಕಾರ್ಯಾನುಭವವು ಸಂಶೋಧನೆಯ ಪ್ರಶ್ನೆಗಳನ್ನು ಹುಟ್ಟಿಸಬಲ್ಲುದು, ಆದರೆ ಅನುಭವವೇ ಸಂಶೋಧನೆಯ ಸ್ಥಾನವನ್ನು ತುಂಬಲಾರದು ಎಂಬುದನ್ನು ಈ ಇಬ್ಬರ ವಿದ್ವತ್ ಜೀವನ ತೋರಿಸುತ್ತದೆ.

1959ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಗಾರ್ಡನ್ ಮತ್ತು ಹೊವೆಲ್ ಅವರೂ, ಕಾರ್ನೆಗಿ ಸಂಸ್ಥೆಯ ನೆರವಿನಿಂದ ಪಿಯರ್ಸನ್ ಅವರೂ ಪ್ರಕಟಿಸಿದ ವರದಿಗಳು ಅಮೆರಿಕದ ವ್ಯವಹಾರ ಶಿಕ್ಷಣದ ವಿದ್ವತ್ ಮಟ್ಟ ಸಾಲದೆಂದು ಕಟುವಾಗಿ ವಿಮರ್ಶಿಸಿದವು. ಇದರ ಪರಿಣಾಮವಾಗಿ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಹಾಗೂ ವರ್ತನಾವಿಜ್ಞಾನಗಳು ಡಾಕ್ಟರೇಟ್ ವ್ಯಾಸಂಗದ ಅನಿವಾರ್ಯ ಅಂಗಗಳಾದವು. ವಿದ್ವತ್ತು ಏರಿದಂತೆ ಅದು ಕಾರ್ಯಕ್ಷೇತ್ರದಿಂದ ದೂರವಾಗುತ್ತಿದೆಯೆಂಬ ಆಕ್ಷೇಪವೂ ಬೆಳೆಯಿತು. ಹಾರ್ವರ್ಡ್ ತಾನೇ ಬೆಳೆಸಿದ ಡಿ.ಬಿ.ಎ. ಹೆಸರನ್ನು 2018ರಲ್ಲಿ ಕೈಬಿಟ್ಟು ಪಿಎಚ್.ಡಿ. ಪದವಿಯನ್ನು ಅಳವಡಿಸಿಕೊಂಡುದು ಗಮನಾರ್ಹ. ಅಷ್ಟು ಹೊತ್ತಿಗೆ ಆ ಹೆಸರು ಬೇರೊಂದು ಬಗೆಯ ಪದವಿಯನ್ನು ಸೂಚಿಸತೊಡಗಿತ್ತು.

ವೃತ್ತಿನಿಷ್ಠ ಮಾದರಿಯ ಉದಯ

ಈ ಹೊಸ ಬಗೆಯ ಪದವಿಗೆ ತಾತ್ತ್ವಿಕ ಬೆಂಬಲ ಹಲವು ಮೂಲಗಳಿಂದ ದೊರೆಯಿತು. ಕರ್ಟ್ ಲೆವಿನ್ 1940ರ ದಶಕದಲ್ಲಿ ಪ್ರತಿಪಾದಿಸಿದ ಕ್ರಿಯಾಸಂಶೋಧನೆಯು ಒಂದು ಸ್ಥಿತಿಯನ್ನು ಬದಲಿಸುವ ಯತ್ನದ ಮೂಲಕವೇ ಅದನ್ನು ಅರಿಯುವ ಮಾರ್ಗವನ್ನು ತೋರಿತು. ಡೊನಾಲ್ಡ್ ಷೋನ್ 1983ರ ತಮ್ಮ ಕೃತಿಯಲ್ಲಿ ನುರಿತ ವೃತ್ತಿಗರು ಕಾರ್ಯದ ನಡುವೆಯೇ ನಡೆಸುವ ಚಿಂತನೆಯನ್ನು ಜ್ಞಾನದ ಒಂದು ಪ್ರಕಾರವೆಂದು ವಿಶ್ಲೇಷಿಸಿದರು. ಮೈಕೇಲ್ ಗಿಬ್ಬನ್ಸ್ ಮತ್ತು ಸಹಲೇಖಕರು 1994ರಲ್ಲಿ, ವಿಶ್ವವಿದ್ಯಾನಿಲಯದ ಶಿಸ್ತುಗಳೊಳಗೆ ಉತ್ಪನ್ನವಾಗುವ ಜ್ಞಾನದಿಂದ ಬಳಕೆಯ ಸಂದರ್ಭದಲ್ಲಿಯೇ ಉತ್ಪನ್ನವಾಗುವ ಜ್ಞಾನವನ್ನು ಪ್ರತ್ಯೇಕಿಸಿ ತೋರಿಸಿದರು.

ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯ 1992ರಲ್ಲಿ ಶಿಕ್ಷಣ ವಿಷಯದ ವೃತ್ತಿಪರ ಡಾಕ್ಟರೇಟನ್ನು ಆರಂಭಿಸಿತು. ಅದೇ ದಶಕದಲ್ಲಿ ಡಿ.ಬಿ.ಎ. ಪದವಿಯೂ ಬ್ರಿಟನ್ ಹಾಗೂ ಆಸ್ಟ್ರೇಲಿಯಗಳಲ್ಲಿ ಹರಡಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯ 1995ರಲ್ಲಿ ಹಿರಿಯ ಆಡಳಿತಗಾರರಿಗಾಗಿಯೇ ಡಾಕ್ಟರೇಟ್ ವ್ಯಾಸಂಗವೊಂದನ್ನು ತೆರೆಯಿತು. ಅಭ್ಯರ್ಥಿಗಳು ಉದ್ಯೋಗ ಬಿಡದೆ, ನಿಯತ ಅವಧಿಗಳಲ್ಲಿ ಕೆಲವು ದಿನ ಆವರಣದಲ್ಲಿ ಕೂಡಿ, ಒಂದೇ ತಂಡವಾಗಿ ಮುನ್ನಡೆಯುವ ಈ ಕ್ರಮವು ಅನಂತರದ ಅನೇಕ ವ್ಯಾಸಂಗಗಳಿಗೆ ಮಾದರಿಯಾಯಿತು.

ಅರ್ಹತಾ ನಿಯಮಗಳ ಸ್ವರೂಪ

ಸಂಸ್ಥೆಯಿಂದ ಸಂಸ್ಥೆಗೆ ವಿವರಗಳು ಭಿನ್ನವಾದರೂ ವೃತ್ತಿನಿಷ್ಠ ಡಿ.ಬಿ.ಎ. ಪದವಿಯ ನಿಯಮಗಳಲ್ಲಿ ಐದು ಹಂತಗಳನ್ನು ಗುರುತಿಸಬಹುದು. ಮೊದಲನೆಯದು ಪ್ರವೇಶ. ಸ್ನಾತಕೋತ್ತರ ಪದವಿಯೊಡನೆ ಹಲವು ವರ್ಷಗಳ ಆಡಳಿತಾನುಭವವನ್ನು ಕೇಳುವುದು ಇಲ್ಲಿನ ವೈಶಿಷ್ಟ್ಯ. ಎರಡನೆಯದು ಸಂಶೋಧನಾ ವಿಧಾನಗಳ ವ್ಯಾಸಂಗ. ಅಂಕಿಅಂಶಗಳ ವಿಶ್ಲೇಷಣೆ, ಸಂದರ್ಶನ, ಪ್ರಕರಣ ಅಧ್ಯಯನ ಮುಂತಾದವುಗಳಲ್ಲಿ ಪರಿಶ್ರಮ ಗಳಿಸದೆ ಮುಂದೆ ಹೋಗುವಂತಿಲ್ಲ. ಮೂರನೆಯದು ಸಂಶೋಧನಾ ಪ್ರಸ್ತಾವವನ್ನು ವಿದ್ವಾಂಸರ ಮುಂದೆ ಸಮರ್ಥಿಸಿಕೊಳ್ಳುವುದು. ಮಾನವರನ್ನು ಒಳಗೊಂಡ ಅಧ್ಯಯನವಾದಲ್ಲಿ ನೈತಿಕ ಸಮಿತಿಯ ಅನುಮತಿಯೂ ಬೇಕಾಗುತ್ತದೆ. ನಾಲ್ಕನೆಯದು ಮಹಾಪ್ರಬಂಧ. ಐದನೆಯದು ಬಾಹ್ಯ ಪರೀಕ್ಷಕರನ್ನೊಳಗೊಂಡ ಮೌಖಿಕ ಪರೀಕ್ಷೆ ಅಥವಾ ಸಮಿತಿಯ ಎದುರಿನ ಸಮರ್ಥನೆ.

ಮಹಾಪ್ರಬಂಧದ ವಿಷಯದಲ್ಲಿಯೇ ಈ ಪದವಿಯ ಕಠಿಣತೆ ಅಡಗಿದೆ. ಪಿಎಚ್.ಡಿ. ಅಭ್ಯರ್ಥಿಯು ಸಾಮಾನ್ಯವಾಗಿ ಪೂರ್ವಸಾಹಿತ್ಯದಲ್ಲಿರುವ ಕೊರತೆಯಿಂದ ಹೊರಡುತ್ತಾನೆ, ಡಿ.ಬಿ.ಎ. ಅಭ್ಯರ್ಥಿಯು ಸಂಸ್ಥೆಯೊಳಗಿನ ಸಮಸ್ಯೆಯಿಂದ ಹೊರಡುತ್ತಾನೆ. ಆದರೆ ಸಮಸ್ಯೆಗೆ ಪರಿಹಾರ ಸೂಚಿಸಿದ ಮಾತ್ರಕ್ಕೆ ಪದವಿ ದೊರೆಯದು. ಹಾಗಾದಲ್ಲಿ ಸಲಹೆಗಾರರ ವರದಿಗೂ ಮಹಾಪ್ರಬಂಧಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಒಂದು ಸಂಸ್ಥೆಯಲ್ಲಿ ಕಂಡುಕೊಂಡುದು ಇತರ ಸಂಸ್ಥೆಗಳ ಅರಿವಿಗೂ ಹೇಗೆ ನೆರವಾಗುತ್ತದೆ ಎಂಬುದನ್ನು ಸಿದ್ಧಾಂತದ ನೆಲೆಯಲ್ಲಿ ಸಾಧಿಸಿ ತೋರಿಸಬೇಕು. ಬ್ರಿಟನ್ನಿನ ಉನ್ನತ ಶಿಕ್ಷಣದ ಅರ್ಹತಾ ಚೌಕಟ್ಟು ಪಿಎಚ್.ಡಿ.ಗೂ ವೃತ್ತಿಪರ ಡಾಕ್ಟರೇಟಿಗೂ ಒಂದೇ ಮಟ್ಟವನ್ನು ವಿಧಿಸಿದೆ: ಸ್ವೋಪಜ್ಞ ಸಂಶೋಧನೆಯಿಂದ ಹೊಸ ಜ್ಞಾನ ಸೃಷ್ಟಿಯಾಗಿರಬೇಕು, ಅದು ಸಮಾನಸ್ಕಂಧ ವಿದ್ವಾಂಸರ ಪರಿಶೀಲನೆಯನ್ನು ತಾಳಬೇಕು. ಮಾರ್ಗ ಬೇರೆಯಾದರೂ ಮಾನದಂಡ ಒಂದೇ ಎಂಬುದು ಇದರ ಇಂಗಿತ.

ಒಳಗಿನವನೇ ಸಂಶೋಧಕನಾಗುವುದರಿಂದ ಉದ್ಭವಿಸುವ ತೊಡಕುಗಳೂ ಇವೆ. ಅಧಿಕಾರಿಯು ತನ್ನ ಕೈಕೆಳಗಿನ ನೌಕರರನ್ನು ಸಂದರ್ಶಿಸುವಾಗ ಅವರ ಸಮ್ಮತಿ ಸ್ವತಂತ್ರವಾದುದೇ? ತಾನೇ ಕೈಗೊಂಡ ನಿರ್ಧಾರದ ಫಲವನ್ನು ತಾನೇ ಅಳೆಯುವಾಗ ನಿಷ್ಪಕ್ಷಪಾತ ಸಾಧ್ಯವೇ? ಸಂಶೋಧಕನ ಸ್ಥಾನವನ್ನು ಪ್ರಬಂಧದಲ್ಲಿಯೇ ಸ್ಪಷ್ಟವಾಗಿ ವಿಶ್ಲೇಷಿಸಬೇಕೆಂಬ ನಿಯಮವು ಈ ಪ್ರಶ್ನೆಗಳಿಂದಲೇ ಮೂಡಿದೆ.

ಭಾರತದ ಸಂದರ್ಭ

ಭಾರತದಲ್ಲಿ ಹೆಸರು ಮತ್ತು ಸತ್ತ್ವಗಳ ನಡುವಣ ಅಂತರ ಬೇರೊಂದು ರೀತಿಯಲ್ಲಿ ಪ್ರಕಟವಾಯಿತು. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದ್‌ಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಭಾರತೀಯ ನಿರ್ವಹಣಾ ಸಂಸ್ಥೆಗಳು ಕಾನೂನಿನ ದೃಷ್ಟಿಯಲ್ಲಿ ನೋಂದಾಯಿತ ಸಂಘಗಳಾಗಿದ್ದುದರಿಂದ ಪದವಿ ನೀಡುವ ಅಧಿಕಾರ ಅವುಗಳಿಗಿರಲಿಲ್ಲ. ಅಹಮದಾಬಾದಿನ ಸಂಸ್ಥೆ 1971ರಲ್ಲಿ ಆರಂಭಿಸಿದ ಡಾಕ್ಟರೇಟ್ ಮಟ್ಟದ ವ್ಯಾಸಂಗವನ್ನು ಪೂರೈಸಿದವರಿಗೆ ದೊರೆಯುತ್ತಿದ್ದುದು ‘ಫೆಲೊ’ ಎಂಬ ಮನ್ನಣೆ. ಹಾರ್ವರ್ಡ್‌ನ ಡಿ.ಬಿ.ಎ. ವೃತ್ತಿಯ ಹೆಸರಿನ ಸಂಶೋಧನಾ ಪದವಿಯಾಗಿದ್ದರೆ, ಇಲ್ಲಿಯದು ಪದವಿಯ ಹೆಸರೇ ಇಲ್ಲದ ಡಾಕ್ಟರೇಟ್. ಭಾರತೀಯ ನಿರ್ವಹಣಾ ಸಂಸ್ಥೆಗಳ ಅಧಿನಿಯಮ, 2017, 2018ರ ಜನವರಿ 31ರಂದು ಜಾರಿಗೆ ಬಂದ ಬಳಿಕ ಈ ಸಂಸ್ಥೆಗಳಿಗೆ ಪದವಿ ನೀಡುವ ಅಧಿಕಾರ ಲಭಿಸಿತು.

ವಿಶ್ವವಿದ್ಯಾನಿಲಯಗಳ ಪಿಎಚ್.ಡಿ.ಗೆ ಸಂಬಂಧಿಸಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009, 2016 ಹಾಗೂ 2022ರಲ್ಲಿ ನಿಯಮಾವಳಿಗಳನ್ನು ಹೊರಡಿಸಿತು. 2022ರ ನಿಯಮಾವಳಿಯು ಕನಿಷ್ಠ ಮೂರು ವರ್ಷಗಳ ಅವಧಿಯನ್ನೂ ಕನಿಷ್ಠ 12 ಕ್ರೆಡಿಟ್‌ಗಳ ವ್ಯಾಸಂಗವನ್ನೂ ವಿಧಿಸಿತು. ಉದ್ಯೋಗದಾತರ ನಿರಾಕ್ಷೇಪಣಾ ಪತ್ರವನ್ನು ಹಾಜರುಪಡಿಸುವವರಿಗೆ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ನೀಡಿತು. ಉದ್ಯೋಗಸ್ಥರು ತಮ್ಮ ಅನುಭವವನ್ನು ಸಂಶೋಧನೆಯಾಗಿ ಮಾರ್ಪಡಿಸಲು ಮಾನ್ಯತೆಯುಳ್ಳ ದಾರಿಯೊಂದು ಇದರಿಂದ ಸುಗಮವಾಯಿತು. ಇದೇ ಕಾಲದಲ್ಲಿ, ವಿದೇಶೀ ಸಂಸ್ಥೆಗಳ ಸಹಯೋಗದಲ್ಲಿ ಖಾಸಗಿ ಶಿಕ್ಷಣ ಕಂಪನಿಗಳು ಆನ್‌ಲೈನ್ ಮೂಲಕ ನೀಡುವ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು ಆಯೋಗವೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತೂ 2022ರ ಅಕ್ಟೋಬರಿನಲ್ಲಿ ಎಚ್ಚರಿಕೆ ನೀಡಬೇಕಾಯಿತು. ಬೆಂಗಳೂರಿನಂತಹ ಉದ್ಯಮ ನಗರದಲ್ಲಿ ವರ್ಷಗಳ ಶ್ರಮವನ್ನೂ ಉಳಿತಾಯವನ್ನೂ ವ್ಯಯಿಸಲು ಸಿದ್ಧರಾದ ಉದ್ಯೋಗಸ್ಥರಿಗೆ ಈ ಎಚ್ಚರಿಕೆಯ ಮಹತ್ತ್ವ ಕೇವಲ ಶೈಕ್ಷಣಿಕವಾದುದಲ್ಲ.

ಗ್ರಂಥಾಲಯ ಮತ್ತು ಗೋಪ್ಯತೆ

ವೃತ್ತಿನಿಷ್ಠ ಡಾಕ್ಟರೇಟಿನ ಮುಂದಿರುವ ಇನ್ನೊಂದು ಪ್ರಶ್ನೆ ನೇರವಾಗಿ ಗ್ರಂಥಾಲಯಗಳಿಗೆ ಸಂಬಂಧಿಸಿದುದು. ಭಾರತದಲ್ಲಿ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವ ವ್ಯವಸ್ಥೆ 2009ರ ನಿಯಮಾವಳಿಯಿಂದ ಬಲಗೊಂಡು, ‘ಶೋಧಗಂಗಾ’ ಭಂಡಾರದ ಮೂಲಕ ಅವು ಓದುಗರಿಗೆ ಲಭ್ಯವಾದವು. ಆದರೆ ಒಂದು ಕಂಪನಿಯ ಒಳವ್ಯವಹಾರವನ್ನು ಆಧರಿಸಿದ ಪ್ರಬಂಧವನ್ನು ಬಹಿರಂಗಗೊಳಿಸಲು ಆ ಕಂಪನಿ ಒಪ್ಪದಿರಬಹುದು. ಸಂಸ್ಥೆಯ ಹೆಸರನ್ನು ಮರೆಸುವುದು, ನಿಯತ ಅವಧಿಯವರೆಗೆ ಪ್ರಬಂಧವನ್ನು ತಡೆಹಿಡಿಯುವುದು ರೂಢಿಯಲ್ಲಿರುವ ಪರಿಹಾರಗಳು. ತಡೆ ಶಾಶ್ವತವಾದಲ್ಲಿ ಮಾತ್ರ ಪದವಿಯ ಮೂಲ ತತ್ತ್ವಕ್ಕೇ ಧಕ್ಕೆ ಒದಗುತ್ತದೆ. ಏಕೆಂದರೆ ಪರರು ಓದಿ ಪರಿಶೀಲಿಸಲಾಗದ ಅರಿವನ್ನು ಜ್ಞಾನಕ್ಕೆ ಸಂದ ಕೊಡುಗೆಯೆಂದು ಪರಿಗಣಿಸಲಾಗದು.

ಉಪಸಂಹಾರ

ಒಂದು ಶತಮಾನದ ಈ ಬೆಳವಣಿಗೆಯಲ್ಲಿ ಪದವಿಯ ಹೆಸರುಗಳು ಹಲವು ಬಾರಿ ಬದಲಾದವು. ಬದಲಾಗದೆ ಉಳಿದುದು, ಅಭ್ಯರ್ಥಿಯ ಅರಿವನ್ನು ಅವನಿಗಿಂತ ಭಿನ್ನರಾದ, ಅವನ ಸಂಸ್ಥೆಗೆ ಹೊರಗಿನವರಾದ ವಿದ್ವಾಂಸರು ಒರೆಗೆ ಹಚ್ಚಿ ನೋಡಬೇಕೆಂಬ ಅಪೇಕ್ಷೆ. ಅನುಭವವು ಪ್ರವೇಶದ ಅರ್ಹತೆಯಾಗಬಲ್ಲುದೇ ಹೊರತು ಪದವಿಯ ಅರ್ಹತೆಯಾಗಲಾರದು. ಈ ಗೆರೆಯನ್ನು ಕಾಪಾಡಿಕೊಂಡ ವ್ಯಾಸಂಗಗಳಲ್ಲಿ ವೃತ್ತಿನಿಷ್ಠ ಡಾಕ್ಟರೇಟ್ ವಿಶ್ವವಿದ್ಯಾನಿಲಯಕ್ಕೂ ಕಾರ್ಯಕ್ಷೇತ್ರಕ್ಕೂ ಸೇತುವೆಯಾಗಿದೆ. ಅದನ್ನು ಅಳಿಸಿದ ಕಡೆ ಅದು ಹೆಸರಿನ ಮುಂದಿನ ಅಲಂಕಾರವಾಗಿ ಮಾತ್ರ ಉಳಿಯುತ್ತದೆ. ಭಾರತದ ಸಂಸ್ಥೆಗಳು ಇಂತಹ ವ್ಯಾಸಂಗಗಳನ್ನು ರೂಪಿಸುವಾಗ ಪದವಿಯ ಹೆಸರಿಗಿಂತ ಮೊದಲು ಅದರ ಪರೀಕ್ಷಾ ಕ್ರಮವನ್ನು ನಿರ್ಣಯಿಸಿಕೊಳ್ಳುವುದು ಈ ಚರಿತ್ರೆ ಕಲಿಸುವ ಪಾಠ.