ವಿದ್ಯುತ್ತು, ಕಾಂತತ್ವ, ಬೆಳಕು: ಪಿಯುಸಿ ಭೌತಶಾಸ್ತ್ರದಲ್ಲಿ ಹರಿಯುವ ಒಂದೇ ಎಳೆ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗಕ್ಕೆ ಕಾಲಿಡುವ ವಿದ್ಯಾರ್ಥಿಗೆ ಭೌತಶಾಸ್ತ್ರದಲ್ಲಿ ಮೊದಲು ಎದುರಾಗುವುದು ವಿದ್ಯುತ್ತು, ಅನಂತರ ಕಾಂತತ್ವ, ಅದಾದ ಮೇಲೆ ಬೆಳಕು. ರಾಜ್ಯದ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಪಠ್ಯದ 14 ಅಧ್ಯಾಯಗಳ ಪೈಕಿ ಮೊದಲ ಹತ್ತು ಈ ಮೂರಕ್ಕೇ ಮೀಸಲು. ಪದವಿ ತರಗತಿಯಲ್ಲಿಯೂ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿಯೂ ಇದೇ ವಿಷಯ ಇನ್ನಷ್ಟು ಗಣಿತದೊಡನೆ ಮರಳಿ ಬರುತ್ತದೆ. ವಿಜ್ಞಾನ ತನ್ನಿಂದಾಗದು ಎಂದು ಅನೇಕರು ಕೈಚೆಲ್ಲುವುದೂ ಈ ಘಟ್ಟದಲ್ಲಿಯೇ. ಸೂತ್ರಗಳ ಸಂಖ್ಯೆ ಅದಕ್ಕೆ ಒಂದು ಕಾರಣವಿರಬಹುದು. ಆದರೆ ಈ ಹತ್ತು ಅಧ್ಯಾಯಗಳು ಒಂದೇ ವಾದದ ಹಂತಗಳು ಎಂಬುದು ಯಾರ ಕಣ್ಣಿಗೂ ಬೀಳದಂತೆ ಅವುಗಳನ್ನು ಬಿಡಿಬಿಡಿಯಾಗಿ ಕಲಿಸಲಾಗುತ್ತಿದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಆರಂಭ ಕೂಲಂಬ್ ನಿಯಮದಿಂದ. ಫ್ರಾನ್ಸಿನ ಕೂಲಂಬ್ 1785ರಲ್ಲಿ ಪ್ರಕಟಿಸಿದ ಈ ನಿಯಮವು ನ್ಯೂಟನ್ನನ ಗುರುತ್ವ ನಿಯಮವನ್ನೇ ಹೋಲುವುದರಿಂದ ವಿದ್ಯಾರ್ಥಿಗೆ ಕಷ್ಟವೆನಿಸುವುದಿಲ್ಲ. ಕಷ್ಟ ಶುರುವಾಗುವುದು ‘ಕ್ಷೇತ್ರ’ ಎಂಬ ಕಲ್ಪನೆಯಿಂದ. ಒಂದು ಆವೇಶವು ಇನ್ನೊಂದನ್ನು ದೂರದಿಂದ ನೇರವಾಗಿ ಎಳೆಯುತ್ತದೆ ಎನ್ನುವ ಬದಲು, ಅದು ತನ್ನ ಸುತ್ತಲಿನ ಪ್ರದೇಶದಲ್ಲೆಲ್ಲ ಒಂದು ಸ್ಥಿತಿಯನ್ನು ಉಂಟುಮಾಡುತ್ತದೆ, ಅಲ್ಲಿಗೆ ಬಂದ ಇನ್ನೊಂದು ಆವೇಶ ಆ ಸ್ಥಿತಿಗೆ ಒಳಗಾಗುತ್ತದೆ ಎಂದು ಭಾವಿಸಬೇಕು. ಮೊದಲ ತಿಂಗಳಲ್ಲಿ ಇದು ಸುತ್ತುಬಳಸಿನ ಮಾತಾಗಿಯೇ ತೋರುತ್ತದೆ. ಇದರ ಬೆಲೆ ತಿಳಿಯುವುದು ಎಂಟನೆಯ ಅಧ್ಯಾಯದಲ್ಲಿ, ಆವೇಶಗಳಿಂದ ಬಿಡಿಸಿಕೊಂಡ ಕ್ಷೇತ್ರವೇ ಅಲೆಯಾಗಿ ಹೊರಟಾಗ.

ಕ್ಷೇತ್ರದ ಬೆನ್ನಿಗೇ ಬರುವುದು ವಿಭವ. ಕ್ಷೇತ್ರ ಸದಿಶ, ಅದಕ್ಕೆ ದಿಕ್ಕುಂಟು; ವಿಭವ ಅದಿಶ, ಬರಿಯ ಸಂಖ್ಯೆ. ಇವೆರಡನ್ನು ಬೆರೆಸಿಕೊಂಡವರಿಗೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಖಚಿತ. ಸಮಾನವಾದ ಎರಡು ಧನಾವೇಶಗಳ ನಡುಬಿಂದುವಿನಲ್ಲಿ ಕ್ಷೇತ್ರ ಸೊನ್ನೆ, ವಿಭವ ಸೊನ್ನೆಯಲ್ಲ. ಅವುಗಳಲ್ಲಿ ಒಂದನ್ನು ಅಷ್ಟೇ ಪ್ರಮಾಣದ ಋಣಾವೇಶವಾಗಿಸಿದರೆ ಅದೇ ಬಿಂದುವಿನಲ್ಲಿ ವಿಭವ ಸೊನ್ನೆ, ಕ್ಷೇತ್ರ ಸೊನ್ನೆಯಲ್ಲ. ಈ ಎರಡು ಚಿತ್ರಗಳನ್ನು ಕೈಯಾರೆ ಬರೆದು ಬಾಣ ಗುರುತಿಸಿದವರಿಗೆ ಅಧ್ಯಾಯದ ಅರ್ಧ ಒಲಿದಂತೆಯೇ.

ಪ್ರವಾಹ ವಿದ್ಯುತ್ತಿನ ಪಾಠ ಹೈಸ್ಕೂಲಿನಿಂದಲೇ ಪರಿಚಿತ. ಇಲ್ಲಿ ಹೊಸದು ಎಂದರೆ ಎಲೆಕ್ಟ್ರಾನುಗಳ ದಿಕ್ಚಲನೆಯ ವೇಗ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಮುಂದೆ ಸಾಗುತ್ತವೆ. ಗಂಟೆಗೆ ಒಂದು ಗೇಣಿನಷ್ಟು ದೂರ. ಹಾಗಿದ್ದರೆ ಸ್ವಿಚ್ ಒತ್ತಿದ ತಕ್ಷಣ ದೀಪ ಹೊತ್ತುವುದು ಹೇಗೆ? ತಂತಿಯುದ್ದಕ್ಕೂ ಕ್ಷಣಾರ್ಧದಲ್ಲಿ ನೆಲೆಗೊಳ್ಳುವುದು ಕ್ಷೇತ್ರ. ಎಲ್ಲೆಡೆಯ ಎಲೆಕ್ಟ್ರಾನುಗಳು ಒಟ್ಟಿಗೇ ಹೊರಡುತ್ತವೆ. ಇಲ್ಲಿಯೂ ಕೆಲಸಕ್ಕೆ ಬಂದದ್ದು ಅದೇ ಕ್ಷೇತ್ರ.

ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡು ಪ್ರಕಟಿಸಿದಾಗ ವಿದ್ಯುತ್ತು ಮತ್ತು ಕಾಂತತ್ವಗಳ ನಂಟು ಬಯಲಾಯಿತು. ಬ್ರಿಟನ್ನಿನ ಫ್ಯಾರಡೆ 1831ರಲ್ಲಿ ಅದರ ಮಗ್ಗುಲನ್ನು ತೋರಿಸಿದರು: ಬದಲಾಗುತ್ತಿರುವ ಕಾಂತ ಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ. ‘ಬದಲಾಗುತ್ತಿರುವ’ ಎಂಬ ಪದವನ್ನು ಕೈಬಿಟ್ಟು ಉತ್ತರ ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಸುರುಳಿಯೊಳಗೆ ಅಲುಗದೆ ಬಿದ್ದಿರುವ ಅಯಸ್ಕಾಂತ ಎಷ್ಟೇ ಬಲವಾದುದಾದರೂ ಏನೂ ಆಗದು. ಲೆಂಜ್ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಹಳೆಯ ಸೈಕಲ್ಲಿನ ಡೈನಮೊವನ್ನು ನೆನೆಯುವುದು ಮೇಲು. ದೀಪ ಉರಿಯುವಾಗ ಪೆಡಲು ಭಾರವಾಗುತ್ತದೆ. ಡೈನಮೊ ಚಕ್ರಕ್ಕೆ ಉಜ್ಜುವುದೂ ಅದಕ್ಕೆ ಕಾರಣವೆನ್ನಿ. ಆದರೆ ಉಜ್ಜುವಿಕೆಯನ್ನು ಪೂರ್ತಿ ನಿವಾರಿಸಿದರೂ ಆ ಭಾರದ ಒಂದು ಪಾಲು ಉಳಿದೇ ಉಳಿಯುತ್ತದೆ. ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ, ಬೆಳಕಿಗೆ ಬೇಕಾದ ಶಕ್ತಿ ಸವಾರನ ಕಾಲಿನಿಂದಲೇ ಬರಬೇಕು.

ಪರ್ಯಾಯ ವಿದ್ಯುತ್ತಿನ ಪಾಠಕ್ಕೆ ಕನ್ನಡ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಸಾಗಿಸಲಾಯಿತು. ಪರಿವರ್ತಕದಿಂದ ವೋಲ್ಟೇಜನ್ನು ಏರಿಸದೆ ಇದು ಆಗುತ್ತಿರಲಿಲ್ಲ. ತಂತಿಯಲ್ಲಿ ಶಾಖವಾಗಿ ಹಾಳಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಷ್ಟೇ ವಿದ್ಯುತ್ತನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದಕ್ಕೆ, ನಷ್ಟ ನೂರನೆಯ ಒಂದಕ್ಕೆ ಇಳಿಯುತ್ತದೆ. ಮನೆಗೆ ಬರುವ 230 ವೋಲ್ಟ್ ಎಂಬುದೂ ಪರಿಣಾಮಕಾರಿ ಮೌಲ್ಯವೇ. ಶಿಖರದಲ್ಲಿ ಅದು ಸುಮಾರು 325 ವೋಲ್ಟ್ ಮುಟ್ಟುತ್ತದೆ.

ಮುಂದಿನ ಅಧ್ಯಾಯ ವಿದ್ಯುತ್ಕಾಂತೀಯ ಅಲೆಗಳದು. ಪಠ್ಯದಲ್ಲಿ ಪುಟಗಳು ಕಡಿಮೆ, ಅಂಕಗಳೂ ಕಡಿಮೆ. ಆದ್ದರಿಂದ ಇದನ್ನು ಓಡುತ್ತ ಮುಗಿಸುವ ಪರಿಪಾಠವಿದೆ. ಇದು ದೊಡ್ಡ ನಷ್ಟವೆಂದೇ ಹೇಳಬೇಕು. ಬದಲಾಗುವ ಕಾಂತ ಕ್ಷೇತ್ರದಿಂದ ವಿದ್ಯುತ್ ಕ್ಷೇತ್ರ ಹುಟ್ಟುವುದಾದರೆ, ಬದಲಾಗುವ ವಿದ್ಯುತ್ ಕ್ಷೇತ್ರದಿಂದ ಕಾಂತ ಕ್ಷೇತ್ರವೂ ಹುಟ್ಟುತ್ತದೆ ಎಂದು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ಒಂದು ಪದ ಸೇರಿಸಿದರು. ಹೀಗೆ ಒಂದನ್ನೊಂದು ಹುಟ್ಟಿಸುತ್ತ ಸಾಗುವ ಅಲೆಯ ವೇಗ, ಕೇವಲ ವಿದ್ಯುತ್ ಮತ್ತು ಕಾಂತ ಪ್ರಯೋಗಗಳಿಂದ ದೊರೆತ ಎರಡು ಸ್ಥಿರಾಂಕಗಳ ಮೇಲೆ ನಿಂತಿದೆ. ವೇಬರ್ ಮತ್ತು ಕೋಲ್ರಾಷ್ 1856ರಲ್ಲಿ ನಡೆಸಿದ ವಿದ್ಯುತ್ ಮಾಪನದಿಂದ ಬಂದ ಸಂಖ್ಯೆ ಸೆಕೆಂಡಿಗೆ ಸುಮಾರು 3.1 ಲಕ್ಷ ಕಿಲೋಮೀಟರ್. ಫಿಜೋ 1849ರಲ್ಲಿ ಹಲ್ಲುಚಕ್ರದಿಂದ ಅಳೆದ ಬೆಳಕಿನ ವೇಗ ಸುಮಾರು 3.15 ಲಕ್ಷ ಕಿಲೋಮೀಟರ್. ಬೆಳಕಿನ ಕಿರಣವೇ ಇಲ್ಲದ ಪ್ರಯೋಗವೊಂದು ಬೆಳಕಿನ ವೇಗವನ್ನು ನುಡಿದಿತ್ತು. ಜರ್ಮನಿಯ ಹರ್ಟ್ಜ್ 1880ರ ದಶಕದ ಕೊನೆಯಲ್ಲಿ ಇಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿಯೇ ಉತ್ಪಾದಿಸಿ ತೋರಿಸಿದರು.

ಇಷ್ಟಾದ ಮೇಲೆ ಪಠ್ಯದ ಎರಡನೆಯ ಭಾಗ ತೆರೆದರೆ ಕಾಣುವುದು ಕನ್ನಡಿ, ಮಸೂರ, ಪಟ್ಟಕ. ಅಲೆಯ ಮಾತೇ ಇಲ್ಲ. ನೇರ ಗೆರೆಗಳು ಮಾತ್ರ. ಇದು ಬೇರೆ ವಿಷಯವೇ ಇರಬೇಕೆಂದು ವಿದ್ಯಾರ್ಥಿ ತಿಳಿಯುವುದು ಸಹಜ. ವಾಸ್ತವದಲ್ಲಿ ಕಿರಣವೆಂಬುದು ಅಲೆಯ ಒಂದು ಸರಳ ರೂಪ. ಬೆಳಕಿನ ತರಂಗದೂರ ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗದಷ್ಟು. ಅದಕ್ಕಿಂತ ಬಹಳ ದೊಡ್ಡದಾದ ಮಸೂರ, ಕನ್ನಡಿಗಳ ಎದುರು ಅಲೆಯ ಬಾಗುವಿಕೆಯನ್ನು ಮರೆತು ಗೆರೆ ಎಳೆದರೆ ಸಾಕಾಗುತ್ತದೆ.

ಕಿರಣ ವಿಜ್ಞಾನದಲ್ಲಿ ಸೋಲುವುದು ಚಿಹ್ನೆಯಿಂದ. 20 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರದ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ವಸ್ತುವಿದ್ದರೆ ಪ್ರತಿಬಿಂಬ 60 ಸೆಂಟಿಮೀಟರಿನಲ್ಲಿ ಮೂಡುತ್ತದೆ. ವಸ್ತುದೂರಕ್ಕೆ ಋಣ ಚಿಹ್ನೆ ಹಾಕಲು ಮರೆತರೆ 12 ಎಂಬ ಉತ್ತರ ಬರುತ್ತದೆ. ಪೀನ ಮಸೂರದ ಎದುರಿಗಿಟ್ಟ ವಸ್ತುವಿನ ಸತ್ಯ ಪ್ರತಿಬಿಂಬ ಎಂದೂ ಸಂಗಮದೂರದ ಒಳಗೆ ಬೀಳದು ಎಂದು ನೆನಪಿದ್ದವರು ಆ 12ನ್ನು ನೋಡಿದೊಡನೆ ಹೊಡೆದುಹಾಕುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರ ಪಾಡು ಬೇರೆಯೇ. ಹತ್ತನೆಯ ತರಗತಿಯಲ್ಲಿ ವಿಭವಾಂತರ, ವಕ್ರೀಭವನ ಎಂದು ಕಲಿತದ್ದು ಇಲ್ಲಿ ಪೊಟೆನ್ಶಿಯಲ್ ಡಿಫರೆನ್ಸ್, ರಿಫ್ರ್ಯಾಕ್ಷನ್ ಆಗಿ ಬಂದಾಗ, ತಿಳಿದ ವಿಷಯವೂ ಅಪರಿಚಿತವಾಗುತ್ತದೆ. ಹಳೆಯ ಪಠ್ಯವನ್ನು ಮಾರದೆ ಇಟ್ಟುಕೊಂಡು ಎರಡೂ ಹೆಸರುಗಳನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಹಳೆಯ ಪುಸ್ತಕಗಳಲ್ಲಿ ಒಂದು ಎಚ್ಚರಿಕೆ ಮಾತ್ರ ಅಗತ್ಯ. ಎರಡು ಸಮಾಂತರ ತಂತಿಗಳ ನಡುವಿನ ಬಲದಿಂದ ಆಂಪಿಯರನ್ನು ವ್ಯಾಖ್ಯಾನಿಸುವ ಕ್ರಮ 2019ರ ಮೇ 20ರಿಂದ ಜಾರಿಯಲ್ಲಿಲ್ಲ. ಎಲೆಕ್ಟ್ರಾನಿನ ಆವೇಶದ ಪ್ರಮಾಣವನ್ನೇ ನಿಗದಿಗೊಳಿಸಿ ಅದರಿಂದ ಆಂಪಿಯರನ್ನು ಪಡೆಯಲಾಗುತ್ತಿದೆ.

ಕೊನೆಯದಾದ ಅಲೆ ವಿಜ್ಞಾನದಲ್ಲಿ ಯಂಗನ ಜೋಡಿ ಸೀಳಿನ ಪ್ರಯೋಗ, ವಿವರ್ತನೆ, ಧ್ರುವೀಕರಣ ಬರುತ್ತವೆ. ಧ್ರುವೀಕರಣವನ್ನು ಮನೆಯಲ್ಲಿಯೇ ನೋಡಬಹುದು. ಪೋಲರಾಯ್ಡ್ ತಂಪು ಕನ್ನಡಕವನ್ನು ಎಲ್‌ಸಿಡಿ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ, ಅಲ್ಲಿಂದ ಇನ್ನೂ 90 ಡಿಗ್ರಿ ತಿರುಗಿಸಿದರೆ ಮತ್ತೆ ಬೆಳಗುತ್ತದೆ. ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಅಲೆಗೆ ಮಾತ್ರ ಹೀಗಾಗಲು ಸಾಧ್ಯ. ಅಲ್ಲಿ ಅಡ್ಡಲಾಗಿ ಕಂಪಿಸುತ್ತಿರುವುದು ಮೊದಲ ಅಧ್ಯಾಯದ ವಿದ್ಯುತ್ ಕ್ಷೇತ್ರ.